ಹಳೆಯ ಕ್ಷೌರಕತ್ತಿಗಳ ಪುನರುದ್ಧಾರ: ವಸ್ತುವಿನ ಓದು ಮತ್ತು ಸಂಪಾದನೆಯ ವಿವೇಕ

ಕನ್ನಡದಲ್ಲಿ ಗ್ರಂಥಸಂಪಾದನೆಯ ಅಧ್ಯಯನಕ್ಕೆ ದೀರ್ಘವಾದ ಪರಂಪರೆಯಿದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯಂತಹ ಕೃತಿಗಳ ಮೂಲಕ ಪಾಠ, ಪಾಠಾಂತರ, ಪ್ರಕ್ಷೇಪ, ಪುಷ್ಪಿಕೆ, ಏಕಪ್ರತಿ ಮೊದಲಾದ ಪರಿಕಲ್ಪನೆಗಳು ನಮ್ಮ ವಿದ್ವತ್ ವಲಯದಲ್ಲಿ ಸುಪರಿಚಿತವಾಗಿವೆ. ಕಾಲದ ಹೊಡೆತಕ್ಕೆ ಸಿಕ್ಕಿದ ಕೃತಿಯೊಂದನ್ನು ಅದರ ಮೂಲರೂಪಕ್ಕೆ ಸಮೀಪವಾಗಿ ನಿಲ್ಲಿಸುವುದು ಈ ಶಾಸ್ತ್ರದ ಉದ್ದೇಶ. ಆದರೆ ಕಾಲದ ಹೊಡೆತಕ್ಕೆ ಸಿಕ್ಕುವುದು ಬರಹ ಮಾತ್ರವಲ್ಲ. ಮನುಷ್ಯನು ಬಳಸಿ ಬಿಟ್ಟ ಉಪಕರಣಗಳೂ ಸವೆಯುತ್ತವೆ, ತುಕ್ಕು ಹಿಡಿಯುತ್ತವೆ, ಅನ್ಯರ ಕೈಯಲ್ಲಿ ತಿದ್ದಲ್ಪಡುತ್ತವೆ. ಅವುಗಳನ್ನು ಮತ್ತೆ ಬಳಕೆಗೆ ತರುವ ಕುಶಲಕರ್ಮಿಯ ಮುಂದೆ ಸಂಪಾದಕನ ಮುಂದಿರುವಂತಹುದೇ ಪ್ರಶ್ನೆಗಳು ಏಳುತ್ತವೆ. ಯಾವುದು ಮೂಲದ್ದು, ಯಾವುದು ಅನಂತರದ್ದು, ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುವು ಆ ಪ್ರಶ್ನೆಗಳು.

ಪ್ರಸ್ತುತ ಲೇಖನದಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ ಮುಖ್ಯವಾಗಿ ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ನಗರಗಳಲ್ಲಿ ತಯಾರಾದ ಮಡಿಸುವ ಕ್ಷೌರಕತ್ತಿಗಳನ್ನು ಕೈಯಿಂದಲೇ ಪುನರುದ್ಧಾರ ಮಾಡುವ ಕ್ರಮವನ್ನು ಪರಿಶೀಲಿಸಿ, ಆ ಕ್ರಮದ ಹಿಂದಿರುವ ವಿವೇಕವನ್ನು ಗ್ರಂಥಸಂಪಾದನೆಯ ಹಿನ್ನೆಲೆಯಲ್ಲಿ ವಿವೇಚಿಸಲು ಪ್ರಯತ್ನಿಸಲಾಗಿದೆ. ಇದರೊಂದಿಗೆ ಈ ಕಸುಬಿಗೆ ಸಂಬಂಧಿಸಿದ ಕನ್ನಡ ಪರಿಭಾಷೆಯ ಕಡೆಗೂ ಗಮನ ಸೆಳೆಯಲಾಗಿದೆ.

1. ವಸ್ತುವಿನ ಸ್ವರೂಪ

ಮಡಿಸುವ ಕ್ಷೌರಕತ್ತಿಯಲ್ಲಿ ಎರಡು ಮುಖ್ಯ ಭಾಗಗಳಿವೆ: ಉಕ್ಕಿನ ಅಲಗು ಮತ್ತು ಅದನ್ನು ಮುಚ್ಚಿಕೊಳ್ಳುವ ಹಿಡಿ. ಅಲಗಿನ ಹರಿತವಾದ ಅಂಚನ್ನು ಬಾಯಿ ಎಂದೂ ಅದಕ್ಕೆ ಎದುರಾದ ದಪ್ಪ ಅಂಚನ್ನು ಬೆನ್ನು ಎಂದೂ ಇಲ್ಲಿ ಕರೆಯಲಾಗಿದೆ. ಅಲಗು ಹಿಡಿಯೊಳಗೆ ಸೇರುವೆಡೆ ಕಿರಿದಾಗಿ ಬಾಲದಂತೆ ಚಾಚಿಕೊಂಡಿರುತ್ತದೆ. ತಯಾರಕನ ಮುದ್ರೆ ಸಾಮಾನ್ಯವಾಗಿ ಈ ಬಾಲದ ಬುಡದಲ್ಲಿರುತ್ತದೆ. ಹಿಡಿಯು ಎರಡು ತೆಳು ಪಟ್ಟಿಗಳಿಂದಾದುದು. ಒಂದು ತುದಿಯಲ್ಲಿ ಅಲಗು ತಿರುಗುವ ಕೀಲುಮೊಳೆ, ಇನ್ನೊಂದು ತುದಿಯಲ್ಲಿ ಪಟ್ಟಿಗಳ ನಡುವಣ ಅಂತರವನ್ನು ಕಾಯುವ ಬೆಣೆ ಇರುತ್ತವೆ. ಕೊಂಬು, ಮೂಳೆ, ದಂತ, ಆಮೆಯ ಚಿಪ್ಪು, ಕರಿಮರ, 1870ರ ಅನಂತರ ಸೆಲ್ಯುಲಾಯ್ಡ್ ಇವು ಹಿಡಿಗೆ ಬಳಕೆಯಾದ ಮುಖ್ಯ ದ್ರವ್ಯಗಳು.

ಈ ಉಪಕರಣದ ರಚನೆಯಲ್ಲಿ ಅಡಗಿರುವ ಗಣಿತವನ್ನು ಗಮನಿಸಬೇಕು. ಅಡುಗೆಯ ಚಾಕುವನ್ನು ಮಸೆಯುವಾಗ ಕೋನವನ್ನು ಕೈಯೇ ನಿರ್ಧರಿಸುತ್ತದೆ. ಕ್ಷೌರಕತ್ತಿಯಲ್ಲಿ ಹಾಗಲ್ಲ. ಇಲ್ಲಿ ಬೆನ್ನು ಮತ್ತು ಬಾಯಿ ಎರಡೂ ಏಕಕಾಲಕ್ಕೆ ಕಲ್ಲಿನ ಮೇಲೆ ಕೂರುತ್ತವೆ. ಆದ್ದರಿಂದ ಬೆನ್ನಿನ ದಪ್ಪ ಮತ್ತು ಅಲಗಿನ ಅಗಲಗಳ ಪ್ರಮಾಣವೇ ಕೋನವನ್ನು ನಿರ್ಧರಿಸುತ್ತದೆ. ಬೆನ್ನು 5 ಮಿ.ಮೀ. ದಪ್ಪವಿದ್ದು ಅಲಗು 17 ಮಿ.ಮೀ. ಅಗಲವಿದ್ದರೆ ಬಾಯಿಯ ಕೋನ ಸುಮಾರು 16.7 ಡಿಗ್ರಿಯಾಗುತ್ತದೆ. ಅಗಲ ಹಾಗೆಯೇ ಉಳಿದು ಬೆನ್ನು ಮಾತ್ರ 4 ಮಿ.ಮೀ.ಗೆ ಸವೆದರೆ ಅದು ಸುಮಾರು 13.4 ಡಿಗ್ರಿಗೆ ಇಳಿಯುತ್ತದೆ. ಅಷ್ಟು ತೆಳುವಾದ ಬಾಯಿ ನಿಲ್ಲುವುದಿಲ್ಲ. ಬಳಕೆಯಲ್ಲಿ ಚೂರುಚೂರಾಗಿ ಉದುರುತ್ತದೆ. ನಿಯಮಿತವಾಗಿ ಮಸೆದ ಕತ್ತಿಯಲ್ಲಿ ಬೆನ್ನು ಮತ್ತು ಬಾಯಿ ಜೊತೆಜೊತೆಯಾಗಿ ಸವೆಯುವುದರಿಂದ ಈ ಪ್ರಮಾಣ ಬಹುಮಟ್ಟಿಗೆ ಉಳಿದುಬರುತ್ತದೆ. ಹೊಳಪಿನ ಆಸೆಯಿಂದ ಬೆನ್ನನ್ನು ಉಜ್ಜಿದವರು ಅರಿಯದೆಯೇ ಈ ಪ್ರಮಾಣವನ್ನು ಕೆಡಿಸುತ್ತಾರೆ. ಬೆನ್ನು ನೋಡಲು ಅಲಗಿನ ನಿರುಪಯುಕ್ತ ಭಾಗದಂತೆ ಕಂಡರೂ ಕತ್ತಿಯ ಅಳತೆಗೋಲು ಅದೇ ಆಗಿದೆ.

2. ಉಕ್ಕು ಮತ್ತು ಹದ

ಶೆಫೀಲ್ಡಿನ ಕತ್ತಿಗಳ ಕೀರ್ತಿಗೆ ಅಡಿಪಾಯವಾದುದು ಮೂಸೆಯ ಉಕ್ಕು. ಗಡಿಯಾರ ತಯಾರಕನಾಗಿದ್ದ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಶೆಫೀಲ್ಡಿನ ಸಮೀಪದ ಹ್ಯಾಂಡ್ಸ್‌ವರ್ತ್‌ನಲ್ಲಿ, ಅಂದು ದೊರೆಯುತ್ತಿದ್ದ ಉಕ್ಕನ್ನು ಜೇಡಿಯ ಮೂಸೆಗಳಲ್ಲಿ ಪೂರ್ಣವಾಗಿ ಕರಗಿಸಿ ಏಕರೂಪದ ಉಕ್ಕನ್ನು ಪಡೆಯುವ ವಿಧಾನವನ್ನು ರೂಪಿಸಿದನು. ಹಿಂದಿನ ಉಕ್ಕಿನಲ್ಲಿ ಇಂಗಾಲದ ಹಂಚಿಕೆ ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. ಕ್ಷೌರಕತ್ತಿಯಂತಹ ಸೂಕ್ಷ್ಮ ಬಾಯಿಗೆ ಈ ದೋಷ ಮಾರಕವಾದುದು. ಹಂಟ್ಸ್‌ಮನ್ನನ ಉಕ್ಕು ಅದನ್ನು ನಿವಾರಿಸಿತು.

ಮೂಸೆಯಲ್ಲಿ ಉಕ್ಕನ್ನು ಪಡೆಯುವ ವಿದ್ಯೆ ದಕ್ಷಿಣ ಭಾರತದಲ್ಲಿ ಇದಕ್ಕಿಂತ ಬಹಳ ಹಿಂದೆಯೇ ಇತ್ತೆಂಬುದು ತಿಳಿದ ಸಂಗತಿ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಉಕ್ಕಿನ ತಯಾರಿಕೆಯನ್ನು ಕಂಡು ವಿವರಿಸಿದ್ದಾನೆ. ಮೂಸೆಯೊಳಗೆ ಕಬ್ಬಿಣದೊಂದಿಗೆ ತಂಗಡಿ ಗಿಡದ ಕಾಂಡವನ್ನೂ ಬಳ್ಳಿಯೊಂದರ ಹಸಿರೆಲೆಗಳನ್ನೂ ಇಡುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ. ಇಂಗ್ಲಿಷಿನ ‘ವೂಟ್ಜ್’ ಎಂಬ ಶಬ್ದವು ಕನ್ನಡದ ‘ಉಕ್ಕು’ ಶಬ್ದದಿಂದ ಬಂದುದೆಂಬ ಅಭಿಪ್ರಾಯಕ್ಕೆ ವಿದ್ವಾಂಸರಲ್ಲಿ ವ್ಯಾಪಕ ಮನ್ನಣೆಯಿದೆ. ಮುಂಬಯಿಯಿಂದ ಲಂಡನ್ನಿಗೆ ಕಳುಹಿಸಲಾದ ಈ ಉಕ್ಕಿನ ಮಾದರಿಗಳನ್ನು ಕುರಿತು ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದನು. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಸೂಕ್ಷ್ಮ ಅಲಗುಗಳಿಗೆ ಬಳಸಿ ಮೆಚ್ಚಿದ್ದನು. ಮುಂದೆ ಅವನು ಮೈಕೇಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಣಗಳನ್ನು ಕುರಿತು ನಡೆಸಿದ ಪ್ರಯೋಗಗಳ ಫಲಿತಾಂಶ 1820 ಮತ್ತು 1822ರಲ್ಲಿ ಪ್ರಕಟವಾಯಿತು. ಉಕ್ಕಿಗೆ ಐನೂರರಲ್ಲಿ ಒಂದು ಪಾಲಿನಷ್ಟು ಬೆಳ್ಳಿ ಬೆರೆತಾಗ ಒಳ್ಳೆಯ ಅಲಗು ದೊರೆಯುತ್ತದೆಂದು ಅವರು ಕಂಡುಕೊಂಡರು. ಹೀಗೆ ಕ್ಷೌರಕತ್ತಿಯ ಇತಿಹಾಸದಲ್ಲಿ ಕನ್ನಡದ ಶಬ್ದವೊಂದು ಸಣ್ಣದಾದರೂ ಖಚಿತವಾದ ಸ್ಥಾನವನ್ನು ಪಡೆದಿದೆ.

ಉಕ್ಕು ಎಷ್ಟೇ ಒಳ್ಳೆಯದಾದರೂ ಹದವಿಲ್ಲದೆ ಅದು ಕತ್ತಿಯಾಗದು. ಕೆಂಪಗೆ ಕಾಸಿದ ಅಲಗನ್ನು ಥಟ್ಟನೆ ತಣಿಸಿದಾಗ ಅದು ಗಾಜಿನಂತೆ ಗಡುಸಾಗಿ ಪೆಡಸಾಗುತ್ತದೆ. ಅನಂತರ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮತ್ತೆ ಹದವಾಗಿ ಕಾಸಿದಾಗ ಗಡಸುತನ ಹೆಚ್ಚು ತಗ್ಗದೆ ಪೆಡಸುತನ ಮಾತ್ರ ತಗ್ಗುತ್ತದೆ. ಉಜ್ಜಿದ ಉಕ್ಕಿನ ಮೈಮೇಲೆ ಆಗ ಹುಲ್ಲಿನಂತಹ ತಿಳಿಹಳದಿ ಬಣ್ಣ ಮೂಡುತ್ತದೆ. ಉಷ್ಣತೆ 300 ಡಿಗ್ರಿಯ ಹತ್ತಿರಕ್ಕೆ ಏರಿದರೆ ಅದು ನೀಲಿಗೆ ತಿರುಗುತ್ತದೆ. ನೀಲಿಯಾದ ಬಾಯಿ ಮೆದುವಾಗಿರುತ್ತದೆ. ಎಷ್ಟು ಮಸೆದರೂ ಕ್ಷೌರಕ್ಕೆ ಒದಗುವುದಿಲ್ಲ.

ಪುನರುದ್ಧಾರವನ್ನು ಕೈಯಿಂದಲೇ ಮಾಡಬೇಕೆಂಬ ನಿಯಮಕ್ಕೆ ಕಾರಣ ಇಲ್ಲಿದೆ. ಅದು ಹಳೆಯದರ ಮೇಲಿನ ಭಾವುಕ ಮೋಹದಿಂದ ಬಂದುದಲ್ಲ. ವಿದ್ಯುತ್ ಯಂತ್ರದ ಹೊಳಪುಚಕ್ರಕ್ಕೆ ಅಲಗನ್ನು ಒಡ್ಡಿದಾಗ ಘರ್ಷಣೆಯ ಶಾಖವೆಲ್ಲ ಅತ್ಯಂತ ತೆಳುವಾದ ಬಾಯಿಯಲ್ಲಿ ಸಂಗ್ರಹವಾಗುತ್ತದೆ. ಕ್ಷಣಮಾತ್ರದಲ್ಲಿ ಹದ ಹಾರಿಹೋಗುತ್ತದೆ. ಅದನ್ನು ಮತ್ತೆ ತರಬೇಕಾದರೆ ಅಲಗನ್ನೇ ಮತ್ತೆ ಕಾಸಿ ತಣಿಸಬೇಕು. ಅಷ್ಟು ತೆಳುವಾದ ಅಲಗು ಆ ಪ್ರಕ್ರಿಯೆಯಲ್ಲಿ ಸೊಟ್ಟಗಾಗುವುದೋ ಬಿರಿಯುವುದೋ ಹೆಚ್ಚು ಸಂಭವನೀಯ. ಕೈಕೆಲಸ ನಿಧಾನವಾದುದು, ಆ ನಿಧಾನದಲ್ಲಿಯೇ ಅಲಗಿನ ರಕ್ಷಣೆಯೂ ಅಡಗಿದೆ.

3. ಮುದ್ರೆಗಳ ಓದು

ಕೆಲಸಕ್ಕೆ ಕೈಯಿಡುವ ಮುನ್ನ ಕತ್ತಿಯನ್ನು ಓದಬೇಕು. ಓಲೆಗರಿಯ ಪುಷ್ಪಿಕೆಯು ಲಿಪಿಕಾರ, ಕಾಲ, ಸ್ಥಳಗಳನ್ನು ತಿಳಿಸುವಂತೆ ಬಾಲದ ಮೇಲಿನ ಮುದ್ರೆಯು ತಯಾರಕನನ್ನೂ ಕೆಲವೊಮ್ಮೆ ಕಾಲವನ್ನೂ ಸೂಚಿಸುತ್ತದೆ. ಶೆಫೀಲ್ಡ್ ಪ್ರದೇಶದ ಕತ್ತಿ ತಯಾರಕರ ಸಂಘವು 1624ರಲ್ಲಿ ಕಾಯಿದೆಯ ಮೂಲಕ ಸ್ಥಾಪಿತವಾಗಿ ತನ್ನ ಸದಸ್ಯರ ಮುದ್ರೆಗಳನ್ನು ನೋಂದಾಯಿಸುತ್ತ ಬಂದಿತು. ಜೋಸೆಫ್ ರಾಜರ್ಸ್ ಸಂಸ್ಥೆಯ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಮುದ್ರೆ 1682ರಷ್ಟು ಹಿಂದಿನದು. ಸೋಲಿಂಗೆನ್ನಿನ ಹೆಂಕೆಲ್ಸ್ ಮನೆತನದ ಅವಳಿಗಳ ಮುದ್ರೆ 1731ರಲ್ಲಿ ದಾಖಲಾಯಿತು.

ಉದಾಹರಣೆಗೆ ಶೆಫೀಲ್ಡಿನ ಕತ್ತಿಯೊಂದರ ಬಾಲದ ಮೇಲೆ ಕಿರೀಟ ಮತ್ತು ‘ವಿ ಆರ್’ ಅಕ್ಷರಗಳಿದ್ದು, ದೇಶದ ಹೆಸರು ಇಲ್ಲವೆಂದು ಭಾವಿಸೋಣ. ಆ ಅಕ್ಷರಗಳು ವಿಕ್ಟೋರಿಯಾ ರಾಣಿಯವು. ಅವಳ ಆಳ್ವಿಕೆ 1837ರಿಂದ 1901ರವರೆಗೆ ನಡೆಯಿತು. ಅಮೆರಿಕದ 1890ರ ಮಕಿನ್ಲಿ ಸುಂಕ ಕಾಯಿದೆಯು ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿತು. ಹೀಗಾಗಿ 1891ರಿಂದ ಈಚಿನ ಅನೇಕ ಕತ್ತಿಗಳಲ್ಲಿ ‘ಇಂಗ್ಲೆಂಡ್’ ಅಥವಾ ‘ಜರ್ಮನಿ’ ಎಂಬ ಬರಹವಿರುತ್ತದೆ. ಇದರಿಂದ ನಮ್ಮ ಕತ್ತಿ 1837ರಿಂದ 1891ರ ನಡುವಿನದು ಎಂದು ಹೇಳಬಹುದು. ಆದರೆ ಈ ಊಹೆಗೆ ಮಿತಿಯಿದೆ. ಅಮೆರಿಕಕ್ಕೆ ಹೋಗದ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದಿರಲಿಲ್ಲ. ಹೆಸರು ಇರುವುದು ಕಾಲನಿರ್ಣಯಕ್ಕೆ ಒಳ್ಳೆಯ ಆಧಾರ. ಹೆಸರು ಇಲ್ಲದಿರುವುದು ದುರ್ಬಲ ಆಧಾರ. ಶಾಸನಗಳ ಕಾಲನಿರ್ಣಯದಲ್ಲಿ ಮೌನವನ್ನು ಆಧಾರವಾಗಿ ಬಳಸುವಾಗ ಎಷ್ಟು ಎಚ್ಚರ ಬೇಕೋ ಇಲ್ಲಿಯೂ ಅಷ್ಟೇ ಎಚ್ಚರ ಬೇಕಾಗುತ್ತದೆ.

ಮುದ್ರೆಗಳು ಸುಳ್ಳನ್ನೂ ಹೇಳಬಲ್ಲವು. ಶೆಫೀಲ್ಡಿನ ಹೆಸರಿಗಿದ್ದ ಬೆಲೆಯ ಕಾರಣದಿಂದ ಅನ್ಯರು ಆ ಹೆಸರನ್ನು ತಮ್ಮ ಸರಕಿನ ಮೇಲೆ ಒತ್ತುತ್ತಿದ್ದರು. ಬ್ರಿಟನ್ನಿನ 1887ರ ಸರಕುಮುದ್ರೆ ಕಾಯಿದೆಗೆ ಇಂತಹ ವಂಚನೆಗಳೂ ಒಂದು ಕಾರಣ. ಅಲಗಿನ ಮೇಲೆ ಕೊರೆದಿರುವ ‘ಸಿಲ್ವರ್ ಸ್ಟೀಲ್’, ‘ಇಂಡಿಯಾ ಸ್ಟೀಲ್’ ಎಂಬ ಮಾತುಗಳನ್ನೂ ಇದೇ ಎಚ್ಚರದಿಂದ ಓದಬೇಕು. ಸ್ಟೋಡಾರ್ಟ್ ಮತ್ತು ಫ್ಯಾರಡೆಯವರ ಪ್ರಯೋಗಗಳ ಅನಂತರ ‘ಸಿಲ್ವರ್ ಸ್ಟೀಲ್’ ಎಂಬುದು ಬಹುಮಟ್ಟಿಗೆ ವ್ಯಾಪಾರದ ಹೆಸರಾಯಿತು. ಆ ಬರಹವಿದ್ದ ಮಾತ್ರಕ್ಕೆ ಉಕ್ಕಿನಲ್ಲಿ ಬೆಳ್ಳಿ ಇದೆಯೆಂದಾಗಲಿ, ‘ಇಂಡಿಯಾ’ ಎಂದಿದ್ದ ಮಾತ್ರಕ್ಕೆ ಉಕ್ಕು ನಮ್ಮ ಮೂಸೆಗಳಿಂದ ಹೋದುದೆಂದಾಗಲಿ ತೀರ್ಮಾನಿಸಲಾಗದು. ಅಭಿಮಾನಕ್ಕೆ ಒಪ್ಪುವ ಪಾಠವು ಸಾಧುವಾದ ಪಾಠವಾಗಿರಬೇಕೆಂದಿಲ್ಲ.

4. ಪುನರುದ್ಧಾರದ ಕ್ರಮ

ಮೊದಲ ಹಂತ ಪರೀಕ್ಷೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ಬಾಯಿಯ ಉದ್ದಕ್ಕೂ ನೋಡಬೇಕು. ಅಲಗಿನ ನಡುಭಾಗದಲ್ಲಿರುವ ತುಕ್ಕಿನ ಕುಳಿಗಳು ಬಳಕೆಗೆ ಬಾಧಕವಲ್ಲ. ಅವೇ ಕುಳಿಗಳು ಬಾಯಿಯ ಅಂಚಿನಲ್ಲಿದ್ದರೆ ಅಲ್ಲಿ ಉಕ್ಕು ನಿಲ್ಲುವುದಿಲ್ಲ. ಕೂದಲೆಳೆಯಂತಹ ಬಿರುಕಿದ್ದರೆ ಆ ಕತ್ತಿಯನ್ನು ಬಳಕೆಗೆ ತರುವ ಯೋಚನೆಯನ್ನೇ ಬಿಡಬೇಕು. ಬೆನ್ನಿನ ಸವೆತ ಎರಡೂ ಮಗ್ಗುಲಲ್ಲಿ ಸಮವಾಗಿದೆಯೇ, ಬಾಯಿ ನೇರವಾಗಿದೆಯೇ ಅಥವಾ ನಗುವಿನಂತೆ ಬಾಗಿದೆಯೇ, ಆ ಬಾಗು ಮೂಲದ್ದೇ ಅಥವಾ ತಪ್ಪಾಗಿ ಮಸೆದುದರ ಫಲವೇ ಎಂಬುದನ್ನು ಗುರುತಿಸಿ ಬರೆದಿಟ್ಟುಕೊಳ್ಳಬೇಕು. ಈ ಹಂತದಲ್ಲಿ ಛಾಯಾಚಿತ್ರ ತೆಗೆದಿಡುವುದು ಅಗತ್ಯ. ಮುಂದಿನ ಹಂತಗಳಲ್ಲಿ ಅಳಿಯುವುದೆಲ್ಲವೂ ಈ ಚಿತ್ರದಲ್ಲಿ ಮಾತ್ರ ಉಳಿಯುತ್ತದೆ.

ಎರಡನೆಯ ಹಂತ ಹಿಡಿಯನ್ನು ಬಿಡಿಸುವುದು. ಮೂಲ ಮೊಳೆಗಳು ಗಟ್ಟಿಯಾಗಿದ್ದು ಅಲಗು ಹಿಡಿಯ ನಡುವೆ ಸರಿಯಾಗಿ ಕೂರುತ್ತಿದ್ದರೆ ಬಿಡಿಸದಿರುವುದೇ ಲೇಸು. ಬಿಡಿಸಲೇಬೇಕಾದರೆ ಮೊಳೆಯ ತಲೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆದು, ಹಿಡಿ ಬಿರಿಯದಂತೆ ಮೊಳೆಯನ್ನು ಮೆಲ್ಲಗೆ ಹೊರದೂಡಬೇಕು. ಹಳೆಯ ಕತ್ತಿಗಳ ಬೆಣೆ ಅನೇಕ ವೇಳೆ ಸೀಸದ್ದಾಗಿರುವುದರಿಂದ ಅದನ್ನು ಉಜ್ಜಿ ದೂಳೆಬ್ಬಿಸಬಾರದು. ಕೊಂಬಿನ ಹಿಡಿ ಒಣಗಿ ಪದರು ಬಿಟ್ಟಿದ್ದರೆ ಎಣ್ಣೆಯಲ್ಲಿ ನೆನೆಸಿದಾಗ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಸೆಲ್ಯುಲಾಯ್ಡಿನ ಸ್ಥಿತಿ ಬೇರೆ. ಅದು ಕಾಲಾಂತರದಲ್ಲಿ ತಾನಾಗಿಯೇ ವಿಘಟಿಸಿ ಆಮ್ಲೀಯ ಆವಿಯನ್ನು ಹೊರಸೂಸುತ್ತದೆ. ಆ ಆವಿ ತಾನು ಕಾಯಬೇಕಾದ ಅಲಗನ್ನೇ ತಿನ್ನುತ್ತದೆ. ಪಕ್ಕದಲ್ಲಿಟ್ಟ ಬೇರೆ ಕತ್ತಿಗಳನ್ನೂ ಬಿಡುವುದಿಲ್ಲ. ಅಂತಹ ಹಿಡಿಯನ್ನು ಬೇರ್ಪಡಿಸಿ ದಾಖಲಿಸಿ ಪ್ರತ್ಯೇಕವಾಗಿಡದೆ ಗತ್ಯಂತರವಿಲ್ಲ. ದಂತ ಮತ್ತು ಆಮೆಯ ಚಿಪ್ಪಿನ ಹಿಡಿಗಳ ವಿಷಯದಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನುಗಳು ಅನ್ವಯವಾಗುತ್ತವೆ. ಭಾರತದಲ್ಲಿ 1972ರ ಕಾಯಿದೆ ಮತ್ತು ಅದರ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಷೇಧಿಸಿವೆ.

ಮೂರನೆಯ ಹಂತ ತುಕ್ಕನ್ನು ತೆಗೆಯುವುದು. ಇಲ್ಲಿ ಕೆಂಪು ತುಕ್ಕಿಗೂ ಕಪ್ಪು ಪೊರೆಗೂ ಇರುವ ವ್ಯತ್ಯಾಸವನ್ನು ಅರಿಯಬೇಕು. ಕೆಂಪು ತುಕ್ಕು ತೇವವನ್ನು ಹಿಡಿದಿಟ್ಟುಕೊಂಡು ಉಕ್ಕನ್ನು ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಅದನ್ನು ತೆಗೆಯಲೇಬೇಕು. ಕಾಲಕ್ರಮದಲ್ಲಿ ಕೂಡಿದ ಗಟ್ಟಿಯಾದ ಕಪ್ಪು ಪೊರೆ ಬಹುಮಟ್ಟಿಗೆ ಸ್ಥಿರವಾದುದು. ಉಕ್ಕಿಗೆ ಒಂದಿಷ್ಟು ರಕ್ಷಣೆಯನ್ನೂ ನೀಡುತ್ತದೆ. ಮೊದಲು ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಅನಂತರ ಎಣ್ಣೆಯಲ್ಲಿಯೇ ನೆನೆಸಿದ ಮರಳುಕಾಗದದಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒತ್ತಡ ತಗ್ಗಿಸುತ್ತ ಉಜ್ಜಬೇಕು. ಅಲಗನ್ನು ಮರದ ತುಂಡಿನ ಮೇಲೆ ಚಪ್ಪಟೆಯಾಗಿ ಒರಗಿಸಿಡುವುದು ಕೈಗೂ ಅಲಗಿಗೂ ಕ್ಷೇಮ. ಕಾಗದದ ದರ್ಜೆಯನ್ನು 400, 600, 800, 1000, 2000 ಹೀಗೆ ಏರಿಸುತ್ತ ಹೋಗುವುದು ರೂಢಿ. ಪ್ರತಿಯೊಂದು ದರ್ಜೆಯೂ ಹಿಂದಿನದು ಉಳಿಸಿದ ಗೀರುಗಳನ್ನು ಅಳಿಸಿ ತನ್ನ ಸಣ್ಣ ಗೀರುಗಳನ್ನು ಉಳಿಸುತ್ತದೆ. ಹೊಳಪು ಎಂದರೆ ಗೀರುಗಳಿಲ್ಲದಿರುವುದಲ್ಲ, ಗೀರುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗುವುದು.

ಎಲ್ಲಿ ನಿಲ್ಲಿಸಬೇಕೆಂಬುದೇ ಈ ಹಂತದ ಕಠಿಣ ಪ್ರಶ್ನೆ. ಆಳವಾದ ಕುಳಿಯೊಂದನ್ನು ಪೂರ್ತಿಯಾಗಿ ಅಳಿಸಬೇಕಾದರೆ ಅದರ ತಳದವರೆಗೆ ಸುತ್ತಲಿನ ಉಕ್ಕನ್ನೆಲ್ಲ ಇಳಿಸಬೇಕಾಗುತ್ತದೆ. ಆಗ ಮುದ್ರೆಯ ಅಕ್ಷರಗಳು ಮಸುಕಾಗುತ್ತವೆ. ಅಲಗಿನ ಮೇಲೆ ಆಮ್ಲದಿಂದ ಕೊರೆದ ಚಿತ್ರಗಳು ಮಾಯವಾಗುತ್ತವೆ. ಆ ಚಿತ್ರಗಳಿಗೆ ಲೇಪಿಸಿದ ಚಿನ್ನದ ಪೊರೆ ಎಷ್ಟು ತೆಳುವೆಂದರೆ ಹೊಳಪುಮದ್ದಿನಿಂದ ಕೆಲವು ಬಾರಿ ಉಜ್ಜಿದರೂ ಹೋಗಿಬಿಡುತ್ತದೆ. ಇದಲ್ಲದೆ ಬಾಲದ ಬುಡದಲ್ಲಿಯೂ ಬೆನ್ನಿನ ಕೆಳಗೂ ಸಾಣೆಯ ಚಕ್ರದ ಮೂಲ ಗೆರೆಗಳು ಉಳಿದಿರುತ್ತವೆ. ಶೆಫೀಲ್ಡಿನ ಸಾಣೆಯವರು ಕಲ್ಲು ಮತ್ತು ಉಕ್ಕಿನ ದೂಳನ್ನು ಉಸಿರಾಡಿ ಶ್ವಾಸಕೋಶದ ರೋಗದಿಂದ ಅಕಾಲದಲ್ಲಿ ಸಾಯುತ್ತಿದ್ದುದನ್ನು ಆ ನಗರದ ವೈದ್ಯ ಕಾಲ್ವರ್ಟ್ ಹಾಲೆಂಡ್ 1843ರ ತನ್ನ ಗ್ರಂಥದಲ್ಲಿ ವಿವರವಾಗಿ ದಾಖಲಿಸಿದ್ದಾನೆ. ಮುದ್ರೆ ಹೇಳುವುದು ಸಂಸ್ಥೆಯ ಒಡೆಯನ ಹೆಸರನ್ನು. ಅಲಗನ್ನು ಸಾಣೆ ಹಿಡಿದವನ ಹೆಸರು ಅಲ್ಲಿಲ್ಲ. ಅವನ ಕೈಯ ಗುರುತಾಗಿ ಉಳಿದಿರುವುದು ಈ ಗೆರೆಗಳು ಮಾತ್ರ. ಕನ್ನಡಿಯ ಹೊಳಪಿಗಾಗಿ ಅವುಗಳನ್ನು ಅಳಿಸಿದಾಗ ಅನಾಮಧೇಯನಾದ ಕರ್ಮಿಯ ಏಕೈಕ ಸಹಿಯನ್ನು ಅಳಿಸಿದಂತಾಗುತ್ತದೆ.

ನಾಲ್ಕನೆಯ ಹಂತ ಮಸೆಯುವುದು. ಚಪ್ಪಟೆಯಾದ ಕಲ್ಲಿನ ಮೇಲೆ ಬೆನ್ನು ಮತ್ತು ಬಾಯಿ ಎರಡೂ ಕೂರುವಂತೆ ಅಲಗನ್ನಿಟ್ಟು, ಬಾಯಿ ಮುಂದಾಗಿ, ಹೆಚ್ಚು ಒತ್ತಡವಿಲ್ಲದೆ ಎಳೆಯಬೇಕು. ತುದಿಯಲ್ಲಿ ಅಲಗನ್ನು ಬೆನ್ನಿನ ಮೇಲೆ ಹೊರಳಿಸಿ ಮರಳಬೇಕು. 1000ದ ದರ್ಜೆಯ ಕಲ್ಲಿನಲ್ಲಿ ಬಾಯಿಯ ಎರಡು ಮುಖಗಳು ಉದ್ದಕ್ಕೂ ಕೂಡುವವರೆಗೆ ಮಸೆಯುವುದು ಮುಖ್ಯವಾದ ಕೆಲಸ. ಅನಂತರದ 4000, 8000, 12000ದ ದರ್ಜೆಗಳು ಆ ಕೂಡಿಕೆಯನ್ನು ನಯಗೊಳಿಸುತ್ತವೆ. ಬೆಲ್ಜಿಯಂನ ಆರ್ಡೆನ್ ಪ್ರದೇಶದ ವೀಲ್‌ಸಾಲ್ಮ್ ಸುತ್ತಿನಲ್ಲಿ ದೊರೆಯುವ ಕೋಟಿಕ್ಯೂಲ್ ಎಂಬ ಹಳದಿ ಕಲ್ಲು ಈ ಕೆಲಸಕ್ಕೆ ಶತಮಾನಗಳಿಂದ ಹೆಸರಾಗಿದೆ. ಅದರಲ್ಲಿರುವ ಸೂಕ್ಷ್ಮ ಗಾರ್ನೆಟ್ ಹರಳುಗಳು ಉಕ್ಕನ್ನು ಕೆರೆಯುತ್ತವೆ. ಕೊನೆಯಲ್ಲಿ ಚರ್ಮದ ಪಟ್ಟಿಯ ಮೇಲೆ, ಈ ಬಾರಿ ಬೆನ್ನು ಮುಂದಾಗಿ, ಕೆಲವು ಹತ್ತು ಸಲ ಎಳೆದಾಗ ಬಾಯಿ ಸಿದ್ಧವಾಗುತ್ತದೆ. ಹಿಂದೆ ಹಲವರು ವಕ್ರವಾಗಿ ಮಸೆದ ಕತ್ತಿಯನ್ನು ಒಂದೇ ಬಾರಿಗೆ ನೇರಗೊಳಿಸಲು ಹೊರಟರೆ ಉಕ್ಕು ಅನವಶ್ಯಕವಾಗಿ ನಷ್ಟವಾಗುತ್ತದೆ. ಅಲಗಿನ ಬಾಗನ್ನು ಒಪ್ಪಿಕೊಂಡು ಅದಕ್ಕೆ ತಕ್ಕಂತೆ ಕೈಯನ್ನು ಹೊರಳಿಸುವುದು ಅನುಭವಿಗಳ ಕ್ರಮ.

5. ಸಂಪಾದಕನೂ ಪುನರುದ್ಧಾರಕನೂ

ಮೇಲಿನ ವಿವರಣೆಯಿಂದ ಎರಡು ಕಾರ್ಯಗಳ ಸಾಮ್ಯ ಸ್ಪಷ್ಟವಾಗುತ್ತದೆ. ಮುದ್ರೆ ಪುಷ್ಪಿಕೆಯಂತೆ, ಸುಳ್ಳುಮುದ್ರೆ ಪ್ರಕ್ಷೇಪದಂತೆ, ತುಕ್ಕು ಹುಳು ತಿಂದ ಭಾಗದಂತೆ, ತಪ್ಪು ಮಸೆತ ಲಿಪಿಕಾರನ ಸ್ಖಾಲಿತ್ಯದಂತೆ ತೋರುತ್ತವೆ. ಆದರೆ ಸಾಮ್ಯಕ್ಕಿಂತ ವ್ಯತ್ಯಾಸವೇ ಇಲ್ಲಿ ಹೆಚ್ಚು ಬೋಧಪ್ರದವಾಗಿದೆ.

ಗ್ರಂಥಸಂಪಾದಕನು ಹಸ್ತಪ್ರತಿಯನ್ನು ಓದುತ್ತಾನೆ, ಆದರೆ ಅದರ ಮೇಲೆ ಬರೆಯುವುದಿಲ್ಲ. ಅವನ ಪರಿಷ್ಕರಣ ಬೇರೆ ಕಾಗದದ ಮೇಲೆ ನಡೆಯುತ್ತದೆ. ಅವನು ಕೈಬಿಟ್ಟ ಪಾಠಗಳು ಅಡಿಟಿಪ್ಪಣಿಯಲ್ಲಿ ಬದುಕಿರುತ್ತವೆ. ಅವನ ನಿರ್ಣಯ ತಪ್ಪಾದರೆ ಮುಂದಿನ ಸಂಪಾದಕನು ಅದೇ ಓಲೆಗರಿಯನ್ನು ಮತ್ತೆ ಬಿಚ್ಚಿ ತಿದ್ದಬಹುದು. ಪುನರುದ್ಧಾರಕನಿಗೆ ಈ ಸೌಲಭ್ಯವಿಲ್ಲ. ಅವನ ಕೈಯಲ್ಲಿರುವುದು ಸದಾ ಏಕಪ್ರತಿ. ಅವನ ಪರಿಷ್ಕರಣ ಆ ಏಕಪ್ರತಿಯ ಮೇಲೆಯೇ ನಡೆಯುತ್ತದೆ. ಅವನು ಕೈಬಿಟ್ಟ ಪಾಠವು ಮರಳುಕಾಗದದ ಮೇಲಿನ ಕಪ್ಪು ಕೆಸರಾಗಿ ತೊಳೆದುಹೋಗುತ್ತದೆ. ಉಕ್ಕನ್ನು ತೆಗೆಯಬಹುದೇ ಹೊರತು ಸೇರಿಸಲಾಗದು. ಪ್ರತಿಯೊಂದು ಪುನರುದ್ಧಾರವೂ ಮುಂದಿನ ಪುನರುದ್ಧಾರದ ಸಾಧ್ಯತೆಯನ್ನು ಅಷ್ಟರಮಟ್ಟಿಗೆ ಕುಗ್ಗಿಸುತ್ತದೆ.

ಇಟಲಿಯ ಚಿಂತಕ ಚೇಸರೆ ಬ್ರಾಂದಿ 1963ರಲ್ಲಿ ಪ್ರಕಟಿಸಿದ ಪುನರುದ್ಧಾರ ಸಿದ್ಧಾಂತದ ಗ್ರಂಥದಲ್ಲಿ, ವಸ್ತುವಿಗೆ ಕಲೆಯ ಮೌಲ್ಯದೊಂದಿಗೆ ಇತಿಹಾಸದ ಮೌಲ್ಯವೂ ಇರುವುದರಿಂದ ಅದು ಕಾಲದಲ್ಲಿ ಸಾಗಿಬಂದ ಗುರುತುಗಳನ್ನು ಅಳಿಸಬಾರದೆಂಬ ನಿಲುವನ್ನು ಮಂಡಿಸಿದನು. 1964ರ ವೆನಿಸ್ ಸನ್ನದು ಸ್ಮಾರಕಗಳ ವಿಷಯದಲ್ಲಿ, ಊಹೆ ಆರಂಭವಾಗುವಲ್ಲಿ ಪುನರುದ್ಧಾರ ನಿಲ್ಲಬೇಕೆಂಬ ತತ್ತ್ವವನ್ನು ಅಂಗೀಕರಿಸಿತು. ಆದರೆ ಕ್ಷೌರಕತ್ತಿ ಚಿತ್ರವೂ ಅಲ್ಲ, ಸ್ಮಾರಕವೂ ಅಲ್ಲ. ಅದು ಉಪಕರಣ. ಹರಿತವಿಲ್ಲದ ಕತ್ತಿ ತನ್ನ ಅರ್ಥದ ಒಂದು ಮುಖ್ಯ ಅಂಶವನ್ನು ಕಳೆದುಕೊಂಡಿರುತ್ತದೆ. ಎಲ್ಲ ಕುರುಹುಗಳನ್ನೂ ಉಳಿಸಿ ಮಸೆಯದೆ ಪೆಟ್ಟಿಗೆಯಲ್ಲಿಟ್ಟರೆ ದಾಖಲೆ ಉಳಿಯುತ್ತದೆ, ಉಪಕರಣ ಉಳಿಯುವುದಿಲ್ಲ. ಮಿರಮಿರನೆ ಉಜ್ಜಿ ಹೊಸದರಂತೆ ಮಾಡಿದರೆ ಉಪಕರಣ ಉಳಿಯುತ್ತದೆ, ದಾಖಲೆ ಅಳಿಯುತ್ತದೆ. ಇವೆರಡರ ನಡುವೆ ಒಂದು ಮಾರ್ಗವಿದೆ. ಬಳಕೆಗೆ ಎಷ್ಟು ಅಗತ್ಯವೋ ಅಷ್ಟನ್ನು ಮಾತ್ರ ತೆಗೆಯುವುದು, ತೆಗೆದುದನ್ನು ದಾಖಲಿಸುವುದು, ಬಾಯಿಯನ್ನುಳಿದು ಬೇರೆಡೆಯ ಸ್ಥಿರವಾದ ಕಲೆಗಳನ್ನು ಹಾಗೆಯೇ ಬಿಡುವುದು, ಹೊಸ ಮೊಳೆ ಹಾಕಿದರೆ ಹಳೆಯದನ್ನು ಜೋಪಾನವಾಗಿಡುವುದು. ಕತ್ತಿ ಅತಿ ವಿರಳವಾದುದಾದರೆ, ಅಥವಾ ಮುದ್ರೆಯೂ ಕೊರೆತವೂ ಅಖಂಡವಾಗಿ ಉಳಿದಿದ್ದರೆ, ತುಕ್ಕನ್ನು ತಡೆದು ಅಷ್ಟಕ್ಕೇ ನಿಲ್ಲುವುದು ಉಚಿತ.

6. ಪರಿಭಾಷೆಯ ಪ್ರಶ್ನೆ

ಈ ವಿವೇಚನೆಯಲ್ಲಿ ಬಳಸಿದ ಶಬ್ದಗಳಲ್ಲಿ ಹೆಚ್ಚಿನವು ಕನ್ನಡದ ನಿತ್ಯವ್ಯವಹಾರಕ್ಕೆ ಸೇರಿದವು. ‘ಮಸೆ’ ಎಂಬುದು ಕಲ್ಲಿನ ಮೇಲೆ ಉಜ್ಜಿ ಹರಿತಗೊಳಿಸುವ ಕ್ರಿಯೆ. ‘ಸಾಣೆ ಹಿಡಿ’ ಎಂಬುದು ತಿರುಗುವ ಚಕ್ರಕ್ಕೆ ಅಲಗನ್ನು ಒಡ್ಡುವ ಕ್ರಿಯೆ. ಸಾಮಾನ್ಯ ಮಾತಿನಲ್ಲಿ ಇವು ಬೆರೆತುಹೋದರೂ ಕಸುಬಿನಲ್ಲಿ ಬೇರೆ ಬೇರೆ. ‘ಹದ’ ಶಬ್ದದ ವ್ಯಾಪ್ತಿ ಇನ್ನೂ ಗಮನಾರ್ಹ. ಮಣ್ಣಿಗೆ ಹದವಿದೆ, ಪಾಕಕ್ಕೆ ಹದವಿದೆ, ಚರ್ಮವನ್ನು ಹದ ಮಾಡುತ್ತಾರೆ, ಉಕ್ಕಿಗೆ ಹದ ಕೊಡುತ್ತಾರೆ. ಕತ್ತಿಯ ಅಲಗೂ ಅದನ್ನು ಎಳೆಯುವ ಚರ್ಮದ ಪಟ್ಟಿಯೂ ಒಂದೇ ಶಬ್ದದ ಆಶ್ರಯದಲ್ಲಿವೆ. ‘ಹದಗೆಡು’ ಎಂಬ ಕ್ರಿಯಾಪದವನ್ನು ಇಂದು ರಸ್ತೆಗೂ ಆರೋಗ್ಯಕ್ಕೂ ಬಳಸುತ್ತೇವೆ. ನೀಲಿಯಾದ ಅಲಗನ್ನು ಕಂಡವನಿಗೆ ಅದರ ಅರ್ಥ ಹೆಚ್ಚು ಖಚಿತವಾಗಿ ಹೊಳೆಯುತ್ತದೆ.

‘ಹಡಪ’ ಶಬ್ದವನ್ನೂ ಇಲ್ಲಿ ನೆನೆಯಬಹುದು. ಎಲೆಯಡಿಕೆಯ ಚೀಲವೆಂಬ ಅರ್ಥದೊಂದಿಗೆ ಕ್ಷೌರಿಕನ ಸಲಕರಣೆಗಳ ಚೀಲವೆಂಬ ಅರ್ಥವೂ ಅದಕ್ಕಿದೆ. ಹನ್ನೆರಡನೆಯ ಶತಮಾನದ ಶರಣ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಈ ಶಬ್ದ ಸಾಹಿತ್ಯಚರಿತ್ರೆಯಲ್ಲಿ ಸ್ಥಿರವಾಗಿದೆ. ಆದರೆ ಆ ಚೀಲದೊಳಗಣ ಒಂದೊಂದು ಸಲಕರಣೆಗೆ, ಅದರ ಭಾಗಗಳಿಗೆ, ಅದನ್ನು ಸಿದ್ಧಗೊಳಿಸುವ ಕ್ರಿಯೆಗಳಿಗೆ ಕಸುಬುದಾರರು ಬಳಸುವ ಶಬ್ದಗಳು ಅದೇ ಪ್ರಮಾಣದಲ್ಲಿ ಸಾಹಿತ್ಯದ ಬೆಳಕಿಗೆ ಬಂದಿಲ್ಲ. ಸಮಾಜ ಕೀಳೆಂದು ಕಂಡ ಕಸುಬುಗಳ ಜ್ಞಾನವನ್ನು ಬರಹವೂ ಬಹುಕಾಲ ದೂರವಿರಿಸಿತೆಂಬುದು ಇದರ ಹಿನ್ನೆಲೆ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರಕ್ತದ ಮೂಲಕ ಹರಡುವ ರೋಗಗಳ ಬಗ್ಗೆ ಅರಿವು ಬೆಳೆದಂತೆ ನಮ್ಮ ಕ್ಷೌರದಂಗಡಿಗಳಲ್ಲಿ ಪ್ರತಿ ಗ್ರಾಹಕನಿಗೂ ಬ್ಲೇಡು ಬದಲಿಸುವ ಕತ್ತಿ ರೂಢಿಗೆ ಬಂದಿತು. ಆರೋಗ್ಯದ ದೃಷ್ಟಿಯಿಂದ ಇದು ಸ್ವಾಗತಾರ್ಹವಾದ ಬದಲಾವಣೆ. ಅದರ ಇನ್ನೊಂದು ಪರಿಣಾಮವೆಂದರೆ ಮಸೆಯುವ ಅಗತ್ಯ ಇಲ್ಲವಾದುದು. ಅಗತ್ಯ ಹೋದ ಮೇಲೆ ಕೈಚಳಕ ಹೋಗುತ್ತದೆ, ಅದರ ಹಿಂದೆಯೇ ಶಬ್ದವೂ ಹೋಗುತ್ತದೆ. ಸ್ಥಿರವಾದ ಅಲಗನ್ನು ಕಲ್ಲಿನ ಮೇಲೆ ಮಸೆದು ಕೆಲಸ ಮಾಡಿದ ತಲೆಮಾರಿನ ಕ್ಷೌರಿಕರು ಇಂದು ವೃದ್ಧರಾಗಿದ್ದಾರೆ. ಅವರಿಂದ ಶಬ್ದಗಳನ್ನು ಸಂಗ್ರಹಿಸುವಾಗ ಹೆಸರಿನ ಪಟ್ಟಿ ಮಾತ್ರ ಸಾಲದು. ಕ್ರಿಯೆಯನ್ನು ಕಣ್ಣಾರೆ ನೋಡಿ, ಯಾವ ಹಂತದಲ್ಲಿ ಯಾವ ಶಬ್ದ ಬರುತ್ತದೆಂಬುದನ್ನು ಗುರುತಿಸಿ, ಸಾಧ್ಯವಾದರೆ ಚಿತ್ರೀಕರಿಸಿಕೊಂಡು ದಾಖಲಿಸಬೇಕು.

7. ಸಮಾರೋಪ

ಒಟ್ಟಾರೆಯಾಗಿ, ಹಳೆಯ ಕ್ಷೌರಕತ್ತಿಯ ಪುನರುದ್ಧಾರವು ಹೊಳಪು ತರುವ ಕೆಲಸವಾಗಿರದೆ ಓದುವ ಮತ್ತು ನಿರ್ಣಯಿಸುವ ಕೆಲಸವಾಗಿದೆ. ಬೆನ್ನಿನ ಅಳತೆ, ಉಕ್ಕಿನ ಹದ, ಮುದ್ರೆಯ ಸಾಕ್ಷ್ಯ, ಸಾಣೆಯ ಗೆರೆ ಇವುಗಳನ್ನು ಅರಿತವನ ಕೈ ತಾನಾಗಿಯೇ ಹಗುರವಾಗುತ್ತದೆ. ತನ್ನ ಆಕರವನ್ನೇ ಸವೆಸುತ್ತ ಕೆಲಸ ಮಾಡಬೇಕಾದ ಈ ಕುಶಲಿಯ ಸಂಯಮದಿಂದ, ಆಕರವನ್ನು ಅಖಂಡವಾಗಿಟ್ಟು ಕೆಲಸ ಮಾಡುವ ಭಾಗ್ಯವುಳ್ಳ ನಾವು ಕಲಿಯಬೇಕಾದುದಿದೆ. ಓಲೆಗರಿಗೆ ಎಣ್ಣೆ ಸವರುವಾಗ, ಶಿಲಾಶಾಸನವನ್ನು ತೊಳೆಯುವಾಗ, ಹಳೆಯ ಪ್ರತಿಯ ರಟ್ಟನ್ನು ಬದಲಿಸುವಾಗ ನಾವೂ ಕೆಲಮಟ್ಟಿಗೆ ಏಕಪ್ರತಿಯ ಮೇಲೆಯೇ ಕೈಯಾಡಿಸುತ್ತಿರುತ್ತೇವೆ. ಕನ್ನಡ ವಿಭಾಗಗಳು ತಮ್ಮ ಹಸ್ತಪ್ರತಿ ಮತ್ತು ಜಾನಪದ ಅಧ್ಯಯನಗಳ ಜೊತೆಯಲ್ಲಿ ಇಂತಹ ಕಸುಬುಗಳ ಕ್ರಿಯೆ ಮತ್ತು ಪರಿಭಾಷೆಗಳನ್ನು ಕ್ಷೇತ್ರಕಾರ್ಯದ ವಿಷಯವನ್ನಾಗಿ ಎತ್ತಿಕೊಳ್ಳುವುದು ಅಗತ್ಯ. ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕಾಗಿದೆ.